ಕುಡಿದು ಓಡಿಸಿ ಅಮಾನತಾದ ಡಿಎಲ್ ಮರಳಿ ಪಡೆದವರು ಅನುಭವ ತಿಳಿಸಿ

ಶನಿವಾರದ ಸವಾರ:
ಕಳೆದ ಡಿಸೆಂಬರಿನ ಒಂದು ಶನಿವಾರ ರಾತ್ರಿ ಬೈಕಿನಲ್ಲಿ ಮನೆಗೆ ಮರಳುವಾಗ ತಪಾಸಣೆಯಲ್ಲಿ ಸಿಕ್ಕಿಬಿದ್ದೆ. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಮದ್ಯದ ಮಿತಿ ಇರುವಲ್ಲಿ ಯಂತ್ರ 94 ತೋರಿಸಿತು. ಮೇಯೊ ಹಾಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 10,000 ರೂಪಾಯಿ ದಂಡ ಕಟ್ಟಿದ್ದೇನೆ. ಡಿಎಲ್ ಮೂರು ತಿಂಗಳಿಗೆ ಅಮಾನತಾಗಿದ್ದು, ಇನ್ನು ಹದಿನೈದು ದಿನಗಳಲ್ಲಿ ಅವಧಿ ಮುಗಿಯುತ್ತದೆ. 2022ರಲ್ಲಿ ನಾನು ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ 28 ದಿನ ಇದ್ದು ಬಂದವನು. ನಡುವೆ ಮತ್ತೆ ಶುರುವಾಗಿತ್ತು, ಈಗ ನಿಂತಿದೆ. ಡಿಎಲ್ ವಾಪಸು ಕೇಳಲು ಹೋದಾಗ ಆ ಚಿಕಿತ್ಸೆಯ ವಿಷಯವನ್ನು ನಾನಾಗಿಯೇ ಹೇಳಬೇಕೇ, ಸುಮ್ಮನಿರಬೇಕೇ? ಮಾರಾಟ ಪ್ರತಿನಿಧಿಯ ಕೆಲಸವಾದ್ದರಿಂದ ಬೈಕಿಲ್ಲದೆ ನಡೆಯುವುದಿಲ್ಲ.

ಹಳದಿ ಬೋರ್ಡಿನವನು:
ಮೂರು ತಿಂಗಳು ಎಂದರೆ ಮೂರೇ ತಿಂಗಳು ಎಂದು ನಾನೂ ನಂಬಿದ್ದೆ, ಸಾರ್. ಪೊಲೀಸರು ನನ್ನ ಕಾರ್ಡ್ ತೆಗೆದುಕೊಂಡದ್ದು ನವೆಂಬರ್ 9ರಂದು. ಅದು ಠಾಣೆಯಿಂದ ಆರ್‌ಟಿಓ ತಲುಪಿ, ನನಗೆ ನೋಟಿಸ್ ಬಂದು, ನಾನು ಹೋಗಿ ಸಮಜಾಯಿಷಿ ಬರೆದುಕೊಟ್ಟು, ಆದೇಶಕ್ಕೆ ಸಹಿ ಬಿದ್ದದ್ದು ಡಿಸೆಂಬರ್ 12ರಂದು. ಎಣಿಕೆ ಅಲ್ಲಿಂದ ಶುರು, ಅಂದರೆ ಮೊದಲ 33 ದಿನ ಯಾರ ಲೆಕ್ಕಕ್ಕೂ ಸೇರಲಿಲ್ಲ. ಮಾರ್ಚ್ 12ರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತರೆ, ಪುನಶ್ಚೇತನ ತರಬೇತಿಯ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಮಾನತಾದ ಡಿಎಲ್ ಅದಿಲ್ಲದೆ ಹಿಂದಿರುಗುವುದಿಲ್ಲ ಎಂಬುದನ್ನು ಡಿಸೆಂಬರಿನಲ್ಲಿಯೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ತರಬೇತಿ ಮುಗಿಸಿ ಕಾರ್ಡ್ ಕೈಗೆ ಬಂದ ಮೇಲೂ ಡಿಎಲ್ ವಿವರಗಳಿರುವ ಸರ್ಕಾರದ ಸಾರಥಿ ಪೋರ್ಟಲ್ ‘ಸಸ್ಪೆಂಡೆಡ್’ ಎಂದೇ ತೋರಿಸುತ್ತಿದ್ದುದರಿಂದ ಕ್ಯಾಬ್ ಕಂಪನಿಯ ಆ್ಯಪ್ ನನ್ನನ್ನು ಒಳಗೆ ಬಿಡಲಿಲ್ಲ. ಆ ಒಂದು ಪದವನ್ನು ಅಳಿಸಲು ನಾಲ್ಕು ಸಲ ಅಲೆದು, ಏಪ್ರಿಲ್ 16ಕ್ಕೆ ಮೊದಲ ಬಾಡಿಗೆ ಹೊಡೆದೆ. ಕಾರಿನ ಕಂತು 13,460ರಂತೆ ಐದು ತಿಂಗಳಿಗೆ 67,300, ದಂಡ 10,000, ವಕೀಲರಿಗೆ 4,000, ತರಬೇತಿಗೆ 1,800, ಒಟ್ಟು 83,100 ರೂಪಾಯಿ. ಕುಡಿದದ್ದು ಒಂದು ಕ್ವಾರ್ಟರ್.

ಸಾಕ್ಷ್ಯ ಎಲ್ಲಿದೆ:
ತಪ್ಪೊಪ್ಪಿಕೊಂಡದ್ದೇ ನೀವಿಬ್ಬರೂ ಮಾಡಿದ ತಪ್ಪು. ನನ್ನ ಪ್ರಕರಣ 2018ರದು. ಆಗ ದಂಡ 2,000 ರೂಪಾಯಿ ಮಾತ್ರ ಇತ್ತು, ಕಟ್ಟಿ ಕೈತೊಳೆದುಕೊಳ್ಳಿ ಎಂದು ಎಲ್ಲರೂ ಹೇಳಿದರು. ನಾನು ಒಪ್ಪದೆ 14 ತಿಂಗಳಲ್ಲಿ 11 ವಾಯಿದೆಗಳಿಗೆ ಹಾಜರಾಗಿ, ವಕೀಲರಿಗೆ 35,000 ರೂಪಾಯಿ ಕೊಟ್ಟು ನಡೆಸಿದೆ. ಯಂತ್ರದಿಂದ ಬರುವ ಚೀಟಿ ಬಸ್ ಟಿಕೆಟಿನಂಥ ನುಣುಪು ಕಾಗದ; ಒಂಬತ್ತನೆಯ ವಾಯಿದೆಯಲ್ಲಿ ಕಡತ ಬಿಚ್ಚಿದಾಗ ಅದರ ಮೇಲಿನ ಅಕ್ಷರಗಳೆಲ್ಲ ಮಾಸಿಹೋಗಿ, ಗುಂಡುಪಿನ್ನಿನ ತುಕ್ಕಿನ ಗುರುತು ಮಾತ್ರ ಉಳಿದಿತ್ತು. ಅದರ ನಕಲು ತೆಗೆದಿಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ನಾನು ಖುಲಾಸೆಯಾದೆ, ನನ್ನ ಡಿಎಲ್ ಒಂದು ದಿನವೂ ನನ್ನ ಜೇಬು ಬಿಟ್ಟಿಲ್ಲ.

ಇಬ್ಬರು ಮಕ್ಕಳ ತಾಯಿ:
ಚೀಟಿಯ ಮೇಲಿನ ಅಕ್ಷರ ಮಾಸಿತು ಸರಿ, ಸ್ವಾಮಿ, ಅಂದು ರಾತ್ರಿ ನೀವು ಕುಡಿದಿದ್ದಿರೋ ಇಲ್ಲವೋ ಅದನ್ನು ಹೇಳಿ. ನನ್ನ ಯಜಮಾನರಿಗೆ ಬ್ರೋಕರ್ ಒಬ್ಬ 6,000 ರೂಪಾಯಿ ತೆಗೆದುಕೊಂಡು, ಅವಧಿ ಮುಗಿದ ಮರುದಿನವೇ ಡಿಎಲ್ ತಂದುಕೊಟ್ಟ. ನಾಲ್ಕನೆಯ ವಾರ ಕಾರನ್ನು ರಸ್ತೆ ವಿಭಜಕಕ್ಕೆ ಹತ್ತಿಸಿದರು. ಕುಡಿದಿದ್ದರೆಂದು ವಿಮೆಯವರು ಸ್ವಂತ ಹಾನಿಯ ಪರಿಹಾರವನ್ನು ಕೊಡಲಿಲ್ಲ. ಗ್ಯಾರೇಜಿನ 1,12,000 ರೂಪಾಯಿಗೆ ನನ್ನ ಬಳೆಗಳು ಅಡವು ಅಂಗಡಿ ಸೇರಿದವು. ಅಂದಿನಿಂದ ಬೀಗದಕೈ ಅಕ್ಕಿ ಡಬ್ಬದಲ್ಲಿದೆ. ಹಿಂದೆ ವೈದ್ಯರು ಬರೆದುಕೊಟ್ಟು ಇವರು ನುಂಗದೆ ಬಿಟ್ಟಿದ್ದ, ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಎಂಟು ತಿಂಗಳಿಂದ ಬೆಳಗಿನ ಕಾಫಿಗೆ ಬೆರೆಸುತ್ತಿದ್ದೇನೆ, ಅವರಿಗೆ ಗೊತ್ತಿಲ್ಲ. ಬಾಟಲಿ ಮನೆಗೆ ಬಂದಿಲ್ಲ. ಯಾವ ಆರ್‌ಟಿಓ ಮಾಡದ ಕೆಲಸವನ್ನು ನಾನು ಮಾಡಿದ್ದೇನೆ.

ಮೂರು ವರ್ಷ ಎರಡು ತಿಂಗಳು:
ಅಕ್ಕ, ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆ ಮಾತ್ರೆಯನ್ನು ರೋಗಿಗೆ ಗೊತ್ತಿಲ್ಲದಂತೆ ಕೊಡಲೇಬಾರದು. ಅದು ದೇಹದಲ್ಲಿರುವಾಗ ಒಂದು ಪೆಗ್ ಒಳಗೆ ಹೋದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಕೊನೆಯ ಮಾತ್ರೆಯ ನಂತರ ಎರಡು ವಾರಗಳವರೆಗೂ ಆ ಅಪಾಯ ಇರುತ್ತದೆ. ನಾನು ಅದನ್ನು ನುಂಗಿದವನು, ಆದರೆ ಸಹಿ ಹಾಕಿ, ತಿಳಿದು ನುಂಗಿದವನು.

ನನ್ನದು ಎರಡನೆಯ ಸಲದ ಪ್ರಕರಣ. ದಂಡ 15,000 ಆಯಿತು, ಡಿಎಲ್ ಅನ್ನೇ ರದ್ದು ಮಾಡಿದರು. ಮೇಲ್ಮನವಿಗೆ ಆದೇಶ ಕೈಸೇರಿದ ದಿನದಿಂದ 30 ದಿನ ಇರುತ್ತದೆ. ನಾನು 29ನೆಯ ದಿನ ಹಾಕಿದೆ. ಮೋಟಾರು ವಾಹನ ಕಾಯ್ದೆಯ 19ನೆಯ ಕಲಮಿನಲ್ಲಿ ಡಿಎಲ್ ಕಸಿಯಲು ಕೊಟ್ಟಿರುವ ಕಾರಣಗಳಲ್ಲಿ ರೂಢಿಗತ ಕುಡುಕನಾಗಿರುವುದೂ ಒಂದು. ಆ ಪದ ನನ್ನ ಮೇಲೆ ಕೂರಬಾರದೆಂದು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ಹೊರರೋಗಿ ಪುಸ್ತಕ, ಆರು ತಿಂಗಳ ಯಕೃತ್ತಿನ ರಕ್ತ ಪರೀಕ್ಷೆಯ ವರದಿಗಳು, ಎಲ್ಲವನ್ನೂ ದಾರ ಹಾಕಿ ಕಟ್ಟಿ ಒಯ್ದಿದ್ದೆ. ಎದುರಿಗಿದ್ದ ಅಧಿಕಾರಿ ಆ ಕಟ್ಟನ್ನು ಬಿಚ್ಚಲಿಲ್ಲ, ಅದರ ಮೇಲೆ ತಮ್ಮ ಟೀ ಲೋಟ ಇಟ್ಟರು. ರದ್ದತಿ ಹೋಗಿ ಅಮಾನತು ಉಳಿಯಿತು, ಆ ಕಟ್ಟಿನಿಂದಲೋ ಅಲ್ಲವೋ ನಾನು ಹೇಳಲಾರೆ. ಇಂದಿಗೂ ಮೊದಲ ಪುಟದಲ್ಲಿ ಆ ಲೋಟದ ಉಂಗುರ ಇದೆ.

ಇಬ್ಬರು ಮಕ್ಕಳ ತಾಯಿ:
ತಾವು ಕುಡಿದು ಮನೆಗೆ ಬಂದವರು, ನಾನು ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆದವಳು. ಕಾಫಿ ಲೋಟದ ವಿಚಾರದಲ್ಲಿ ನನಗೆ ಪಾಠ ಬೇಡ. ಆದರೂ ಸೋಮವಾರ ವೈದ್ಯರನ್ನು ಕೇಳುತ್ತೇನೆ.

ಸಾಕ್ಷ್ಯ ಎಲ್ಲಿದೆ:
ಬ್ರೋಕರ್‌ಗೆ 6,000 ಎಣಿಸಿಕೊಟ್ಟ ಮನೆಯವರು ನನ್ನ ಪ್ರಾಮಾಣಿಕತೆಯನ್ನು ಪ್ರಶ್ನಿಸುತ್ತಿರುವುದು ಸೋಜಿಗ. ನಾನು ನ್ಯಾಯಾಲಯದ ಮುಂದೆ ಹೋದೆ, ಹಿಂಬಾಗಿಲಿನಿಂದ ಹೋಗಲಿಲ್ಲ.

ಮೀಟರ್ ಹಾಕಪ್ಪ:
ಇಷ್ಟೆಲ್ಲ ಅಲೆದು ಆ ಕಾರ್ಡನ್ನು ಮರಳಿ ತರುವುದಾದರೂ ಏಕೆ? ನಾನು ಅಮಾನತಿನ ವಾರವೇ ಕಾರು ಮಾರಿದೆ, ಡಿಎಲ್ ಕೇಳಲು ಹೋಗಲೇ ಇಲ್ಲ. ಮನೆಯಿಂದ ಕಚೇರಿಗೆ 9 ಕಿಲೋಮೀಟರ್. 2025ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಆಟೋ ದರದಂತೆ ಮೊದಲ 2 ಕಿಲೋಮೀಟರಿಗೆ 36, ಮುಂದೆ ಕಿಲೋಮೀಟರಿಗೆ 18, ಅಂದರೆ ಒಂದು ಸಲಕ್ಕೆ 162, ದಿನಕ್ಕೆ 324, ತಿಂಗಳ 24 ದಿನಕ್ಕೆ 7,776 ರೂಪಾಯಿ. ಕಾರಿನ ಕಂತು, ಪೆಟ್ರೋಲ್, ವಿಮೆ, ಪಾರ್ಕಿಂಗ್ ಕೂಡಿಸಿದರೆ ಇದರ ಎರಡು ಪಟ್ಟಾಗುತ್ತಿತ್ತು.

ಹಳದಿ ಬೋರ್ಡಿನವನು:
ಬೆಂಗಳೂರಿನಲ್ಲಿ ದಿನಕ್ಕೆ ಎರಡು ಸಲ ಮೀಟರ್ ದರಕ್ಕೆ ಆಟೋ ಸಿಗುವ ಆ ಬಡಾವಣೆ ಯಾವುದೆಂದು ತಿಳಿಸಿದರೆ ನಾನೂ ಅಲ್ಲಿಗೇ ಮನೆ ಬದಲಾಯಿಸುತ್ತೇನೆ. ನಮ್ಮಂಥವರಿಗೆ ಆ ಕಾರ್ಡೇ ಅನ್ನ, ಸಾರ್. ಮಾರಿ ಕೂರುವುದು ಸಂಬಳದವರಿಗೆ ಸರಿ. ಸವಾರರೇ, ಉಳಿದ ಹದಿನೈದು ದಿನದಲ್ಲಿ ಹತ್ತಿರದ ಅಂಗಡಿಗೆಂದು ಕೂಡ ಬೈಕ್ ತೆಗೆಯಬೇಡಿ. ಅಮಾನತಿನಲ್ಲಿ ಓಡಿಸಿ ಸಿಕ್ಕಿಬಿದ್ದರೆ ಅದಕ್ಕೇ ಬೇರೆ 10,000 ದಂಡ, ಇಲ್ಲವೇ ಜೈಲು.

ಶನಿವಾರದ ಸವಾರ:
ಎಲ್ಲರಿಗೂ ವಂದನೆಗಳು. ತರಬೇತಿಯ ವಿಷಯ ನನಗೆ ಗೊತ್ತೇ ಇರಲಿಲ್ಲ, ನಾಳೆಯೇ ವಿಚಾರಿಸುತ್ತೇನೆ. ಚಿಕಿತ್ಸೆಯ ಕಾಗದ ಒಯ್ಯಬೇಕೇ ಬೇಡವೇ ಎಂಬುದು ಹಾಗೆಯೇ ಉಳಿಯಿತು.

ಮೂರು ವರ್ಷ ಎರಡು ತಿಂಗಳು:
ಚೀಲದಲ್ಲಿ ಇಟ್ಟುಕೊಂಡು ಹೋಗಿ, ಕೇಳಿದರೆ ಮಾತ್ರ ಕೊಡಿ. ಲೋಟ ಇಡಲು ಬಿಡಬೇಡಿ.

ಮೀಟರ್ ಹಾಕಪ್ಪ:
ಹಳದಿ ಬೋರ್ಡಿನವರಿಗೆ: ಮೀಟರಿನ ಮೇಲೆ 30 ಕೊಡುತ್ತೇನೆ, ಕೆಲವು ದಿನ 50, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇನ್ನೊಂದನ್ನೂ ಬರೆದಿರಲಿಲ್ಲ. ನನ್ನ ಡಿಎಲ್‌ನ ಅವಧಿ ಮುಗಿದು ಒಂದು ವರ್ಷ ದಾಟಿರುವುದರಿಂದ ಈಗ ನವೀಕರಣಕ್ಕೂ ಹೊಸದಾಗಿ ಪರೀಕ್ಷೆ ಕೊಡಬೇಕು. ಮಗಳ ಬಾಣಂತನ ಹಾಸನದಲ್ಲಿ, ಹೆಂಡತಿಯನ್ನು ಕರೆದೊಯ್ಯಲು ಪ್ರತಿ ವಾರ ಬೇರೆಯವರ ಮನೆ ಬಾಗಿಲು ಬಡಿಯುವುದಾಗಿದೆ. ಐವತ್ತೆರಡನೆಯ ವಯಸ್ಸಿನಲ್ಲಿ ಎಲ್ ಬೋರ್ಡ್ ಅಂಟಿಸಿಕೊಂಡು, ಪಕ್ಕದ ಮನೆಯ ಹುಡುಗನನ್ನು ಎಡಗಡೆ ಕೂರಿಸಿಕೊಂಡು ಆಟದ ಮೈದಾನದಲ್ಲಿ ರಿವರ್ಸ್ ಅಭ್ಯಾಸ ಮಾಡುತ್ತಿದ್ದೇನೆ. ಗುರುವಾರ ಪರೀಕ್ಷೆ ಇದೆ.