ಸಂಘಕ್ಕ ಹೊಸಬರನ್ನ ತಗೊಳ್ಳುವಾಗ ಸೇವಾ ಕೆಲಸ: ಫೋಟೋಕ್ಕಷ್ಟ ಆಗಬಾರದು, ಹೆಂಗ?

ಪ್ರಶ್ನೆ, ಸಪ್ತಾಪುರ, ಧಾರವಾಡ:
ನಮ್ಮ ಪಿಜಿ ಹುಡುಗ್ಯಾರದೊಂದು ಸಣ್ಣ ಸಂಘ ಐತ್ರಿ. ನಮ್ಮಕ್ಕ ಅಮೆರಿಕದಾಗ ಸೊರೋರಿಟಿ, ಅಂದ್ರ ಕಾಲೇಜ್ ಹುಡುಗ್ಯಾರ ಸಂಘ, ಸೇರ್ಯಾಳ. ಅಲ್ಲಿ ಎಷ್ಟೋ ಕಾಲೇಜಿನಾಗ ಸೇರ್ಪಡೆಯ ಒಂದು ಸುತ್ತು ಸೇವೆಗೇ ಮೀಸಲಂತ. ಡೆಲ್ಟಾ ಗ್ಯಾಮಾ ಅನ್ನೂ ಸೊರೋರಿಟಿಯವರಂತೂ 1936ರಿಂದ ಕಣ್ಣು ಕಾಣದವರ ಕೆಲಸ ಹಿಡದಾರ. ನಾವೂ ಹೋದ ವರ್ಷ ಹೊಸಬರ ಕೈಲೆ 40 ಗ್ರೀಟಿಂಗ್ ಕಾರ್ಡ್ ಮಾಡಿಸಿ ವೃದ್ಧಾಶ್ರಮಕ್ಕ ಒಯ್ದ್ವಿ. ಒಬ್ಬ ಅಜ್ಜಿ ಕಾರ್ಡ್ ತಿರುವ್ಯಾಡಿ, "ಚಾಳೀಸ ಒಡದೈತವ್ವಾ, ಏನ್ ಬರದಿ, ನೀನ ಓದು" ಅಂದ್ರು. ಹೊರಗ ಆಟೋ ಕಾಯ್ತಿತ್ತು. ಓದಲಾರದ ಬಂದ್ವಿ. ಈ ಸಲ ಏನ್ ಮಾಡೂಣ?

ಉತ್ತರ, ಹುಬ್ಬಳ್ಳಿ:
ಎನ್‌ಎಸ್‌ಎಸ್‌ನಾಗ ಎರಡು ವರ್ಷಕ್ಕ 240 ತಾಸು, ಮ್ಯಾಲೆ 7 ದಿನದ ಶಿಬಿರ. ನಮ್ಮ ಶಿಬಿರದಾಗ ಮೊದಲನೇ ದಿನ ಸಲಿಕಿ ಹಿಡದು ಫೋಟೋ ತೆಗಿಸ್ಕೊಂಡ್ವಿ. ನಾಲ್ಕನೇ ದಿನ ಅಂಗೈಯಾಗ ಬೊಬ್ಬಿ. ಆಗ ಹಳ್ಳಿಯವ್ವ ಒಬ್ಬಾಕಿ ಎಣ್ಣಿ ಹಚ್ಚಿದಳು, ಮಾತು ಶುರು ಆತು. ಅದಕ್ಕ ಒಂದ ಜಾಗ ಹಿಡೀರಿ, ತಿರುಗಿ ತಿರುಗಿ ಹೋಗ್ರಿ. ಕಾರ್ಡ್ ಒಯ್ಯೂದಕಿಂತ ಮೊದಲ ಏನ್ ಬೇಕು ಅಂತ ಕೇಳ್ರಿ.

ಉತ್ತರ, ಗದಗ:
ತಾಸು ಎಣಿಸಿ ಹುಡುಗ್ಯಾರನ್ನ ಆರಿಸಬ್ಯಾಡ್ರಿ. ನಾ ದಿನಾ ಗದಗದಿಂದ ರೈಲಿಗೆ ಬರಾಕಿ. ಐತವಾರ ಅಂಗಡ್ಯಾಗ ಕೂಡ್ತೀನಿ. ನಿಮ್ಮ ಲೆಕ್ಕದಾಗ ನಾ ಸ್ವಾರ್ಥಿ ಆಗಿಬಿಡ್ತೀನಿ! ವಂತಿಗಿನೂ ಇಡಬ್ಯಾಡ್ರಿ.

ಪ್ರಶ್ನೆ ಕೇಳಿದಾಕಿ:
ವೃದ್ಧಾಶ್ರಮಕ್ಕ ಫೋನ್ ಮಾಡಿದ್ದೆ. ಅವರಿಗೆ ಬೇಕಾಗಿದ್ದು ಪೇಪರ್ ಓದಿ ಹೇಳವರು, ಉಗುರು ತೆಗಿಯವರು. ಹೊಸಬರನ್ನ ಇಬ್ಬಿಬ್ಬರಂಗ ಕಳಸ್ತೀವಿ. ಆಟೋ ಮಾತ್ರ ವಾಪಸ್ ಕಳಸೂದು. ಅಜ್ಜಿ ಚಾಳೀಸದ ನಂಬರ್ ತರಾಕ ನಾನ ಹೊಂಟೀನಿ.