ಕ್ಯಾಟ್ ಕೋಚಿಂಗ್, ಅರ್ಜಿ ಬರೆಸೋದು: ದುಡ್ಡು ಕೊಟ್ಟವರು ಅನುಭವ ಹೇಳಿ

ಕಾರವಾರದ ಬಿಕಾಂ:
ನಮಸ್ಕಾರ. ಬಿಕಾಂ ಮುಗಿದು ಎರಡು ವರ್ಷ. ಇಲ್ಲೇ ಆಡಿಟರ್ ಆಫೀಸಲ್ಲಿ ಕೆಲಸ, ಸಂಬಳ 14,000. ಐಐಎಂನಂಥ ಎಂಬಿಎ ಕಾಲೇಜು ಸೇರೋಕೆ ಈ ಸಲ ಕ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು ಅಂತಿದ್ದೇನೆ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಲಾ, ಆನ್‌ಲೈನ್ ಸಾಕಾ? ಇನ್ನೊಂದು, 35,000 ಕೊಟ್ರೆ ಎಲ್ಲ ಅರ್ಜಿ, ಎಸ್‌ಒಪಿ (ಯಾಕೆ ಸೇರ್ತೇನೆ ಅನ್ನೋ ಪ್ರಬಂಧ) ನಾವೇ ಬರೆದು ಕೊಡ್ತೇವೆ ಅಂತ ಒಬ್ಬರು ಹೇಳ್ತಿದ್ದಾರೆ. ಕೊಡಬಹುದಾ?

ಚಾಲಿ ಅಡಿಕೆ, ಶಿರಸಿ:
ನನ್ನ ಲೆಕ್ಕ ಕೇಳಿ. ಫೀ 48,000 ಅಂದಿದ್ದರು. ಬಿಲ್ ಬಂದಾಗ 18% ಜಿಎಸ್‌ಟಿ ಸೇರಿ 56,640. ಪಿಜಿ ರೂಮಿಗೆ ತಿಂಗಳಿಗೆ 8,500, ಏಳು ತಿಂಗಳಿಗೆ 59,500. ಅಡ್ವಾನ್ಸ್ 17,000 ಕೊಟ್ಟಿದ್ದೆ. ಬಿಡುವಾಗ ಪೇಂಟಿಂಗ್ ಅಂತ 5,000 ಮುರ್ಕೊಂಡರು. ನಾನು ಗೋಡೆಗೆ ಅಂಟಿಸಿದ್ದು ಸೂತ್ರ ಬರೆದ ಒಂದೇ ಒಂದು ಹಾಳೆ! ಇದಕ್ಕಾಗಿ ಅಪ್ಪಯ್ಯ ಮೇ ತಿಂಗಳಲ್ಲೇ ನಾಲ್ಕು ಕ್ವಿಂಟಲ್ ಚಾಲಿ ಮಾರಿದರು. ಚೌತಿ ಹೊತ್ತಿಗೆ ದರ ಏರಿತು. ಇವತ್ತಿಗೂ ಊಟಕ್ಕೆ ಕೂತರೆ ಆ ನಾಲ್ಕು ಕ್ವಿಂಟಲ್ ಮಾತು ಬರ್ತದೆ. ಕ್ಲಾಸಲ್ಲಿ ನೂರಕ್ಕಿಂತ ಜಾಸ್ತಿ ಜನ. ಮಾಕ್‌ನಲ್ಲಿ, ಅಂದ್ರೆ ಅಭ್ಯಾಸದ ಪರೀಕ್ಷೆಯಲ್ಲಿ, ಎಲ್ಲಿ ತಪ್ಪಿತು ಅಂತ ಕೂತು ಹೇಳೋರು ಯಾರೂ ಇಲ್ಲ. ಬಂದಿದ್ದು 81 ಪರ್ಸೆಂಟೈಲ್, ಅಂದ್ರೆ ಬರೆದ ನೂರರಲ್ಲಿ 81 ಜನ ನನಗಿಂತ ಹಿಂದೆ. ಲೆಕ್ಕದ ಸೆಕ್ಷನ್ ಕ್ವಾಂಟ್‌ನಲ್ಲಿ 93, ಇಂಗ್ಲಿಷಿನಲ್ಲಿ 47. ಆದರೂ ಹೋಗಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಮನೇಲಿದ್ರೆ ಮಳೆಗಾಲವಿಡೀ ತೋಟಕ್ಕೆ ಮದ್ದು ಹೊಡೆಸೋದೇ ಆಗ್ತಿತ್ತು, ಓದೋದೆಲ್ಲಿ?

ತದಡಿ ತೀರ:
56,640! ನಾನು ಮಾಕ್ ಟೆಸ್ಟಿಗೆ ಕೊಟ್ಟಿದ್ದು 1,900. ಹಳೇ ಪೇಪರುಗಳ ಝೆರಾಕ್ಸ್ ಕುಮಟೆಯಲ್ಲಿ 340. ಮುಗೀತು. ಬೆಳಿಗ್ಗೆ ನಾಲ್ಕೂವರೆಗೆ ಏಳೋದು, ಮೊಬೈಲಲ್ಲಿ 40 ನಿಮಿಷಕ್ಕೆ ಅಲಾರಂ ಇಡೋದು. ಪರೀಕ್ಷೆಯಲ್ಲೂ ಸೆಕ್ಷನ್ನಿಗೆ 40 ನಿಮಿಷವೇ, ಮುಗಿದ ಮೇಲೆ ಹಿಂದಕ್ಕೆ ಹೋಗೋ ಹಾಗಿಲ್ಲ. ಜುಲೈ ಮಳೆಗೆ ಕರೆಂಟು ಹೋಗಿ, ಹಿಂದೆಯೇ ಟವರೂ ಹೋಗಿ, ಮಾಕ್ ಅರ್ಧಕ್ಕೆ ನಿಂತಿದ್ದು ಆರು ಸಲ. ಆದರೂ 94.6. ದುಡ್ಡು ಸುರಿದವರಿಗೆ 81. ಇನ್ನೇನು ಹೇಳಲಿ.

ಚಾಲಿ ಅಡಿಕೆ, ಶಿರಸಿ:
94.6 ಇಟ್ಕೊಂಡು ಯಾವ ಐಐಎಂ ಸೇರಿದಿರಿ ಮಾರಾಯ್ರೆ? ಅದನ್ನೂ ಹೇಳಿ.

ತದಡಿ ತೀರ:
ಹತ್ತನೇ ಕ್ಲಾಸಲ್ಲಿ ನನಗೆ 68%. ಐಐಎಂ ಬೆಂಗಳೂರಿನವರು ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕ ಎಲ್ಲ ಲೆಕ್ಕಕ್ಕೆ ಹಿಡೀತಾರೆ. ಹದಿನೈದನೇ ವಯಸ್ಸಿಗೆ ಅದೆಲ್ಲ ಯಾರಿಗೆ ಗೊತ್ತಿರ್ತದೆ? ನಮ್ಮ ರಾಜ್ಯದ್ದೇ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದೆ, ಸರ್ಕಾರಿ ಸೀಟು ಸಿಕ್ತು. ಒಂದು ರೂಪಾಯಿ ಸಾಲ ಇಲ್ಲ.

ಚಾಲಿ ಅಡಿಕೆ, ಶಿರಸಿ:
ಅಂದರೆ ಅಷ್ಟೆಲ್ಲ ಅಲಾರಂ ಇಟ್ಟಿದ್ದು ಪಿಜಿಸಿಇಟಿಗೆ. ನೀವು ಕಾನ್ವೆಂಟಿನವರು, ನಾನು ಹತ್ತನೇವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪ್ಯಾಸೇಜು ಮೂರು ಸಲ ಓದಿದ ಮೇಲೆ ನನಗೆ ಪ್ರಶ್ನೆ ಅರ್ಥ ಆಗ್ತಿತ್ತು. 1,900 ರೂಪಾಯಿಗೆ ಅದು ಸರಿಯಾಗ್ತದಾ?

ಅಂಕೋಲೆ ಅಮ್ಮ:
ನೀವಿಬ್ಬರೂ ಆಮೇಲೆ ಜಗಳ ಆಡಿ. ಅರ್ಜಿ ಬರೆಸೋ ವಿಷಯ ನಾನು ಹೇಳ್ತೇನೆ. ನನ್ನ ಮಗ ಕೆಲಸದಲ್ಲಿದ್ದ, ಒಂದು ವರ್ಷದ ಕೋರ್ಸಿಗೆ ಹಾಕಿದ. ಅದಕ್ಕೆ ಜಿಮ್ಯಾಟ್ ಅನ್ನೋ ಬೇರೆ ಪರೀಕ್ಷೆ, ಜೊತೆಗೆ ಪ್ರಬಂಧ, ಶಿಫಾರಸು ಪತ್ರ ಎಲ್ಲ ಬೇಕು. ಕನ್ಸಲ್ಟೆಂಟಿಗೆ ಮೂರು ಕಂತಲ್ಲಿ 90,000 ಕಟ್ಟಿದೆವು, ಎರಡನೇ ಕಂತು ನನ್ನ ಬಳೆ ಅಡವಿಟ್ಟು. ಅವರು ಪ್ರಬಂಧ ಏನಂತ ಬರೆದರು ಗೊತ್ತಾ? ಇವನು ಮೀನುಗಾರನ ಮಗನಂತೆ, ಅಪ್ಪನ ಜೊತೆ ರಂಪಣಿ ಬಲೆ ಎಳೆದು ನಾಯಕತ್ವ ಕಲಿತನಂತೆ! ಇವನಪ್ಪ 31 ವರ್ಷ ಪ್ರೈಮರಿ ಶಾಲೆ ಮಾಸ್ತರು. ಬಲೆ ಮುಟ್ಟಿದವರಲ್ಲ.

ಅದರಿಂದಲೇ ಇಂಟರ್‌ವ್ಯೂಗೆ ಕರೆ ಬಂತು, ಸುಳ್ಳು ಹೇಳೋದಿಲ್ಲ. ವಿಡಿಯೋದಲ್ಲೇ ಇತ್ತು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯೋದು ನಿಲ್ಲಿಸಿ ಕೇಳ್ತಾ ನಿಂತಿದ್ದೆ. ಅವರಲ್ಲೊಬ್ಬರು ನಿಧಾನಕ್ಕೆ ಕೇಳಿದರು, ರಂಪಣಿಗೆ ಬಿದ್ದ ಮೀನನ್ನು ಹೇಗೆ ಪಾಲು ಮಾಡ್ತೀರಿ ಅಂತ. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಇವನು, ‘ಅದನ್ನೆಲ್ಲ ಅಪ್ಪ ನೋಡ್ಕೊಳ್ತಾರೆ’ ಅಂದ. ಜಗಲಿಯಲ್ಲಿ ಪೇಪರ್ ಓದ್ತಿದ್ದ ಅವನಪ್ಪ ತಲೆ ಎತ್ತಿ ನನ್ನ ಮುಖ ನೋಡಿದರು. ಸೀಟು ಸಿಗಲಿಲ್ಲ. ದುಡ್ಡು ವಾಪಸ್ ಕೇಳಿದ್ರೆ ಕರಾರಿನ ಮೂರನೇ ಪುಟ ತೋರಿಸಿದರು: ಇಂಟರ್‌ವ್ಯೂಗೆ ಕರೆ ಬಂದರೆ ರೀಫಂಡ್ ಇಲ್ಲ.

ಬೈತಖೋಲ ಬೋಟ್:
ಅಮ್ಮಾ, ಬೇಜಾರಾಗಬೇಡಿ. ಆದರೆ ನಿಮ್ಮ ಮಗ ಓದಿ ನೋಡಿಯೇ ಸಹಿ ಹಾಕಿದ್ದಲ್ವಾ? ನಾನು ನಿಜವಾಗಿಯೂ ಮೀನುಗಾರನ ಮಗ. ನನ್ನ ಅರ್ಜಿಯಲ್ಲಿ ಅದನ್ನು ಬರೀಬೇಡ, ಪಾಪ ಅನ್ನಿಸ್ತದೆ ಅಂತ ಇಂಥದ್ದೇ ಒಬ್ಬ ಕನ್ಸಲ್ಟೆಂಟ್ ತೆಗೆಸಿದ್ದ. ನಮ್ಮದನ್ನು ನಮಗೆ ಬರೆಯೋಕೆ ಬಿಡೋದಿಲ್ಲ, ಮಾಸ್ತರ ಮಗನಿಗೆ ಬರೆದು ಕೊಡ್ತಾರೆ! ಜೂನ್ 1ರಿಂದ ಜುಲೈ 31ರವರೆಗೆ ಬೋಟು ದಡದಲ್ಲಿ ನಿಂತಿರುವಾಗ ಮನೆ ಹೇಗೆ ನಡೀತದೆ ಅಂತ ಯಾವ ಕನ್ಸಲ್ಟೆಂಟಿಗೆ ಗೊತ್ತು?

ಅಂಕೋಲೆ ಅಮ್ಮ:
ತಪ್ಪು ಅಂತ ನಾನೇ ಹೇಳ್ತಿದ್ದೇನಲ್ಲ ತಮ್ಮಾ. ಬಳೆ ಹೋದವಳು ನಾನು. ನನ್ನ ಮೇಲೆ ಯಾಕೆ ಸಿಟ್ಟು?

ಬೈತಖೋಲ ಬೋಟ್:
ನಿಮ್ಮ ಮೇಲಲ್ಲ, ಬಿಡಿ. ಬಿಕಾಂ ತಮ್ಮಾ, ಕ್ಯಾಟ್ ಅರ್ಜಿಯಲ್ಲಿ ಪ್ರಬಂಧ ಅಂತ ಏನೂ ಇಲ್ಲ. ಹೆಸರು, ಅಂಕ, ಫೋಟೋ, ಊರು ಆರಿಸೋದು, ಅಷ್ಟೇ. 2025ರಲ್ಲಿ ಫೀ 2,600 ಇತ್ತು. ಅದನ್ನು ತುಂಬೋಕೆ 35,000 ಯಾಕೆ? ಸುಮ್ನೆ ಹುಬ್ಬಳ್ಳಿ ಸೆಂಟರ್ ಹಾಕು, ಹಿಂದಿನ ದಿನವೇ ಹೋಗಿ ಉಳ್ಕೋ. ನನಗೆ ಬೆಳಿಗ್ಗೆ 8:30ರ ಶಿಫ್ಟ್ ಬಂದಿತ್ತು. ರಾತ್ರಿ ಬಸ್ಸಿಗೆ ಹೊರಟರೆ ಅರಬೈಲ್ ಘಾಟಿಯಲ್ಲಿ ಲಾರಿ ಅಡ್ಡ ನಿಂತಿತ್ತು. ಓಡೋಡಿ ಹೋಗಿ ಕೂತವನಿಗೆ ಮೊದಲ ಪ್ಯಾಸೇಜು ಕಣ್ಣಿಗೇ ಹತ್ತಲಿಲ್ಲ.

ತದಡಿ ತೀರ:
ಅರಬೈಲ್ ಮೇಲೆ ಯಾಕೆ ಹೋದಿರಿ? ಕುಮಟೆಗೆ ಬಂದು ದೇವಿಮನೆ ಘಾಟಿ ಹತ್ತಿ ಶಿರಸಿ ಮೇಲೆ ಹೋಗಬೇಕಿತ್ತು.

ಚಾಲಿ ಅಡಿಕೆ, ಶಿರಸಿ:
ದೇವಿಮನೆ ಘಾಟಿಯಾ? ರಸ್ತೆ ಅಗಲ ಮಾಡ್ತೇವೆ ಅಂತ ಅದನ್ನು ಮುಚ್ಚಿದಾಗ ನೀವು ಎಲ್ಲಿದ್ದಿರಿ? ಓಹೋ, ಅಲಾರಂ ಇಟ್ಟು ಮಲಗಿದ್ದಿರೇನೋ.

ಕಾರವಾರದ ಬಿಕಾಂ:
ಎಲ್ಲರಿಗೂ ಥ್ಯಾಂಕ್ಸ್. ಆ 35,000ದವರಿಗೆ ನಿನ್ನೆಯೇ 5,000 ಅಡ್ವಾನ್ಸ್ ಕೊಟ್ಟಾಯ್ತು. ವಾಪಸ್ ಕೇಳಬಹುದಾ?

ಅಂಕೋಲೆ ಅಮ್ಮ:
ಅಯ್ಯೋ. ರಸೀದಿ ಇದೆಯಾ?

ಕಾರವಾರದ ಬಿಕಾಂ:
ಇಲ್ಲ. ಗೂಗಲ್ ಪೇ ಮಾಡಿದ್ದು. ಅವರು ಕೈ ಮುಗಿಯೋ ಇಮೋಜಿ ಕಳಿಸಿದ್ರು.

ತದಡಿ ತೀರ:
ಘಾಟಿ ಮುಚ್ಚಿದ್ದು ದೊಡ್ಡ ಗಾಡಿಗೆ. ಬೈಕಿಗೆ ಬಿಡ್ತಿದ್ದರು. ಗೊತ್ತಿಲ್ಲದೆ ಮಾತಾಡಬೇಡಿ.