ಪ್ರತಿ ಸಿನಿಮಾದಲ್ಲೂ ಊರನ್ನೇ ತರುವುದು ಅಭಿಮಾನವೋ, ಸರಕು ಖಾಲಿಯಾದ ಲಕ್ಷಣವೋ?

ಶಹಾಬಾದ್ ಪರಸಿ:
ನಾಗರಾಜ ಮಂಜುಳೆ ಬಗ್ಗೆ ಕೇಳಬೇಕಿತ್ತು. ಮರಾಠಿ ನಿರ್ದೇಶಕ ನಮಗ್ಯಾಕೆ ಅನ್ನಬೇಡಿ. ಸೋಲಾಪುರ ಜಿಲ್ಲೆ ಕರಮಾಳಾ ತಾಲೂಕಿನ ಜೇವೂರಿನವರು, ಕಲಬುರಗಿಯಲ್ಲಿ ಕೂತವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. 'ಫ್ಯಾಂಡ್ರಿ' (2013), 'ಸೈರಾಟ್' (2016), 'ಝುಂಡ್' (2022) ಮೂರನ್ನೂ ಮತ್ತೆ ನೋಡಿದೆ. ಕೇರಿ ಹುಡುಗ ಮೇಲಿನವರ ಮನೆ ಹುಡುಗಿಯನ್ನು ದೂರದಿಂದ ನೋಡುವುದು, ಜಾತ್ರೆ ಜಯಂತಿಗಳ ಕುಣಿತ, ಅಂಬೇಡ್ಕರ್ ಚಿತ್ರ, ತಮ್ಮ ಕಡೆಯವರದೇ ಮುಖಗಳು, ಸಾಲದ್ದಕ್ಕೆ 'ಫ್ಯಾಂಡ್ರಿ'ಯಲ್ಲಿ ಸೈಕಲ್ ಅಂಗಡಿಯ ಚಂಕ್ಯಾ ಆಗಿ ಮಂಜುಳೆಯವರೇ ಕೂತಿದ್ದಾರೆ. ಇದನ್ನು ಊರಿನ ಋಣ ಅನ್ನೋಣವಾ, ಹೇಳೋಕೆ ಬೇರೆ ಇಲ್ಲ ಅನ್ನೋಣವಾ? ಸುಮ್ನೆ ಕೇಳುತ್ತಿಲ್ಲ. ನಮ್ಮ ಕಡೆಯ ಕಲ್ಲಿನ ಗಣಿ ಮೇಲೆ ಒಂದು ಕಿರುಚಿತ್ರ ಬರೆಯುತ್ತಿದ್ದೇನೆ, ಯಾವ ಪುಟ ತೆಗೆದರೂ ನಮ್ಮ ಅಪ್ಪ, ನಮ್ಮ ಓಣಿ, ನಮ್ಮ ಮನೆ ಜಗಳ.

ಭೀಮಾ ದಂಡೆ, ಅಫಜಲಪುರ:
ತಮ್ಮಾ, ಊರು ಬಂತಾ ಇಲ್ವಾ ಅಂತ ನೋಡಬೇಡ, ಬಂದ ಊರು ಏನು ಕೆಲಸ ಮಾಡಿತು ನೋಡು. 'ಫ್ಯಾಂಡ್ರಿ'ಯಲ್ಲಿ ಕಥೆಯ ಹುಡುಗ ಜಬ್ಯಾನ ಮನೆಯವರು ಹಂದಿ ಹಿಡಿಯುತ್ತಿರುತ್ತಾರೆ, ಜೊತೆಗೆ ಓದುವ ಹುಡುಗರು ನಿಂತು ನಗುತ್ತಿರುತ್ತಾರೆ. ಇನ್ನೇನು ಹಂದಿ ಕೈಗೆ ಸಿಗಬೇಕು, ಅಷ್ಟರಲ್ಲಿ ಶಾಲೆಯಲ್ಲಿ ರಾಷ್ಟ್ರಗೀತೆ ಶುರು. ಮನೆಮಂದಿಯೆಲ್ಲ ಇದ್ದಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಹಂದಿಗೇನು, ಅದು ಹೋಗೇ ಬಿಡುತ್ತದೆ. ಕೊನೆಗೆ ಹಿಡಿದ ಹಂದಿಯನ್ನು ಹೊತ್ತು ನಡೆಯುವಾಗ ಹಿಂದಿನ ಶಾಲೆ ಗೋಡೆ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ. ಯಾರೂ ಒಂದು ಮಾತು ಆಡುವುದಿಲ್ಲ. ಅಂಥ ಗೋಡೆ ನಮ್ಮ ಶಾಲೆಗಳಲ್ಲೂ ಇದೆ, ನಾವು ದಿನಾ ದಾಟಿ ಹೋಗುತ್ತೇವೆ, ಅಷ್ಟೇ.

ಇನ್ನೊಂದು. ಆ ಕಥೆ ನಡೆಯುವುದು ಅಹಮದ್‌ನಗರ ಕಡೆಯ ಅಕೋಲ್ನೇರ್ ಹಳ್ಳಿಯಲ್ಲಿ, ಕರಮಾಳಾದಲ್ಲಲ್ಲ. ಮಂಜುಳೆ ಕಲ್ಲು ಒಡೆಯುವ ವಡಾರ ಸಮುದಾಯದವರು, ಜಬ್ಯಾನ ಮನೆಯವರು ಕೈಕಾಡಿ ಸಮುದಾಯ. ಊರೂ ಬೇರೆ, ಮನೆಯೂ ಬೇರೆ. ಆದರೂ ನಿನಗೆ ಅವರ ಸ್ವಂತ ಕಥೆ ಅನ್ನಿಸಿತಲ್ಲ, ಅದೇ ಕಸುಬು.

'ಸೈರಾಟ್' ಅಂತೂ ಅವರ ತಾಲೂಕೇ. ನಾಯಕ ಪರ್ಶ್ಯಾ ಮೀನು ಹಿಡಿಯುವವರ ಮಗ, ಪಕ್ಕದಲ್ಲಿ ಉಜನಿ ಅಣೆಕಟ್ಟಿನ ಹಿನ್ನೀರು, ಅಂದರೆ ನಮ್ಮ ಭೀಮೆ. ಅಲ್ಲಿ ಗೇಟು ತೆಗೆದರೆ ಇಲ್ಲಿ ನಮ್ಮ ಹೊಲಕ್ಕೆ ನೀರು ನುಗ್ಗುತ್ತದೆ. ಅವನೂ ಅವನ ಹುಡುಗಿ ಆರ್ಚಿಯೂ ಹೋಗಿ ಸೇರುವುದು ಹೈದರಾಬಾದ್. ಸೋಲಾಪುರದಿಂದ ರೈಲು ಹತ್ತಿದರೆ ಗಾಣಗಾಪುರ ರೋಡ್, ಕಲಬುರಗಿ, ವಾಡಿ ಮೇಲೆಯೇ ಹೋಗಬೇಕು ಅಲ್ವಾ? ಅಂಥ ಕಥೆ ನಮ್ಮ ಸ್ಟೇಷನ್ ದಾಟಿ ಹೋಯಿತು, ಇಳಿಸಿಕೊಳ್ಳುವವರು ಇರಲಿಲ್ಲ.

ಬೀದರ್ ಬಿಸಿಲು:
ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ. 'ಝುಂಡ್' ನಾಗಪುರದ ಕಥೆ, ವಿಜಯ್ ಬಾರ್ಸೆ ಅನ್ನುವ ಫುಟ್‌ಬಾಲ್ ಕೋಚ್ ಜೀವನದಿಂದ ಬಂದದ್ದು. ಅದರೊಳಗೆ 'ಸೈರಾಟ್' ಜೋಡಿ ರಿಂಕು ರಾಜಗುರು, ಆಕಾಶ್ ಠೋಸರ್ ಇಬ್ಬರೂ ಬರುತ್ತಾರೆ, ಬಂದ ಕೂಡಲೇ ನನಗೆ ಕಥೆ ಬಿಟ್ಟು ಆರ್ಚಿ ಪರ್ಶ್ಯಾ ನೆನಪು. ನಮ್ಮವರು ಅಂತ ಎಲ್ಲರಿಗೂ ಜಾಗ ಮಾಡಿಕೊಡುತ್ತಾ ಹೋದರೆ ಸಿನಿಮಾ ಮೂರು ಗಂಟೆ ಆಗದೆ ಇನ್ನೇನು? ಜಯಂತಿ ದೃಶ್ಯ ಮಾತ್ರ ಒಪ್ಪುತ್ತೇನೆ. ಅಮಿತಾಭ್ ಬಚ್ಚನ್ ಅಂಬೇಡ್ಕರ್ ಚಿತ್ರಕ್ಕೆ ಕೈಮುಗಿದು ನಿಲ್ಲುವುದು ಸಣ್ಣ ಮಾತಲ್ಲ.

ನನಗೆ ಸಿಟ್ಟು ಬರುವುದು ಊರಿನ ಅಭಿಮಾನ ಪೋಸ್ಟರ್ ಸರಕಾದಾಗ. ಡ್ರೋನ್ ಎತ್ತುವುದು, ಬೀದರ್ ಕೋಟೆ ಒಂದು ಸುತ್ತು, ಗಾವಾನ್ ಮದರಸಾ ಒಂದು ಸುತ್ತು, ಕೆಳಗೆ ಇಳಿದರೆ ಪಾತ್ರಗಳೆಲ್ಲ ಮೈಸೂರು ಕಡೆಯ ಮಾತು. ನಮ್ಮ ಮಾತು ಬೇಕಾಗುವುದು ಕಾಮಿಡಿಯವನಿಗೆ, ಇಲ್ಲಾ ವಾಚ್‌ಮನ್‌ಗೆ.

ಯಾದಗಿರಿ ಅಕ್ಕ:
ಬೀದರ್ ಅಣ್ಣಾ, ಉದ್ದ ಜಾಸ್ತಿ ಆಯ್ತು ಅನ್ನುವುದಕ್ಕೆ ನನ್ನದೂ ಹೂಂ. ಆದರೆ ಊರಿನವರನ್ನು ಹಾಕಿಕೊಳ್ಳುವುದನ್ನು ಬಳಗ ಸಾಕುವುದು ಅನ್ನಬೇಡಿ. ಅಕಲೂಜಿನ ರಿಂಕು 'ಸೈರಾಟ್' ಮಾಡಿದಾಗ ಇನ್ನೂ ಶಾಲೆ ಹುಡುಗಿ. ಬುಲೆಟ್ ಮೇಲೆ ಬಂದು ಹುಡುಗರಿಗೆ ದಬಾಯಿಸುತ್ತಾಳಲ್ಲ, ಮುಂಬೈಯಿಂದ ನಟಿ ಕರೆಸಿ ಮಾತು ಕಲಿಸಿದ್ದರೆ ಆ ಗತ್ತು ಬರುತ್ತಿತ್ತಾ? ಅದೇ ಕಥೆಯನ್ನು ಕನ್ನಡದಲ್ಲಿ 'ಮನಸು ಮಲ್ಲಿಗೆ' (2017) ಅಂತ ಮಾಡುವಾಗ ರಿಂಕುವನ್ನೇ ಕರೆತಂದರು. ಹುಡುಗಿ ಬಂದಳು, ಊರು ಬರಲಿಲ್ಲ.

ನಮ್ಮ ಭಾಗದಲ್ಲೇ ಇದೆ ನೋಡಿ, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ. ಜೈಶಂಕರ್ ಆರ್ಯರ್ ತಮ್ಮೂರಿನ ಹೆಸರನ್ನೇ ಇಟ್ಟು 'ಶಿವಮ್ಮ ಯರೇಹಂಚಿನಾಳ' ಮಾಡಿದರು. ಲಕ್ವಾ ಹೊಡೆದು ಮಲಗಿದ ಗಂಡ ಎದ್ದು ಕೂರುತ್ತಾನೆ ಅನ್ನುವ ಆಸೆಗೆ ಒಬ್ಬ ಹೆಂಗಸು ಚೈನ್ ಲಿಂಕ್ ಕಂಪನಿಯ ಸರಕು ಮಾರೋಕೆ ಇಳಿಯುತ್ತಾಳೆ. ನಮ್ಮ ಓಣಿಗಳಲ್ಲಿ ಇಂಥ ಡಬ್ಬಿ ಹಿಡಿದು ಬಂದವರು ಕಮ್ಮಿಯೇನಿಲ್ಲ. ಶಿವಮ್ಮನಾದ ಶರಣಮ್ಮ ಚಟ್ಟಿ ಸಿನಿಮಾದವರೇ ಅಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಅದಕ್ಕೆ ಬಂತು. ದುಡ್ಡು ಹಾಕಿದವರು ರಿಷಬ್ ಶೆಟ್ಟಿ, ಅವರೂ 'ಕಾಂತಾರ'ವನ್ನು ತಮ್ಮ ಕೆರಾಡಿಯಲ್ಲೇ ಚಿತ್ರೀಕರಿಸಿದವರು.

ಶಹಾಬಾದ್ ತಮ್ಮಾ, ನಿಮ್ಮಪ್ಪ ಕಥೆಯಲ್ಲಿ ಇರಲಿ ಬಿಡು. ಆ ಪಾತ್ರ ಯಾರು ಮಾಡುತ್ತಾರೆ ಹೇಳು.

ಶಹಾಬಾದ್ ಪರಸಿ:
ಅಕ್ಕಾ, ಗಣಿಯಲ್ಲಿ ದುಡಿದ ಒಬ್ಬ ಕಾಕಾ ಒಪ್ಪಿದ್ದಾರೆ. ತೊಂದರೆ ಏನಂದ್ರೆ ಕ್ಯಾಮೆರಾ ಎದುರು ನಿಂತರೆ ರೇಡಿಯೋ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ. ಸುತ್ತಿಗೆ ಉಳಿ ಕೈಗೆ ಕೊಟ್ಟು, ಪರಸಿ ಕಲ್ಲಿನ ಮುಂದೆ ಕೂರಿಸಿದರೆ ಮಾತ್ರ ತಮ್ಮ ಮಾತು ಬರುತ್ತದೆ, ಬೈಗುಳವೂ ಬರುತ್ತದೆ. ಮನೆ ಜಗಳದ ದೃಶ್ಯ ಅಡುಗೆ ಮನೆಯಲ್ಲಿತ್ತು, ಈಗ ಅದನ್ನು ಗಣಿಗೆ ಒಯ್ಯಬೇಕು ಅನ್ನಿಸುತ್ತಿದೆ. ಬೆಂಗಳೂರಿನ ಗೆಳೆಯ ಬೇರೆ, ಕನ್ನಡದಲ್ಲೇ ಸಬ್‌ಟೈಟಲ್ ಹಾಕು ಇಲ್ಲಾಂದ್ರೆ ತಿಳಿಯಲ್ಲ ಅಂತಾನೆ.

ಭೀಮಾ ದಂಡೆ, ಅಫಜಲಪುರ:
ಒಯ್ಯು. ಸಬ್‌ಟೈಟಲ್ ಹಾಕಬೇಡ, ಇಷ್ಟು ವರ್ಷ ನಾವು ಅವರ ಮಾತನ್ನು ಹಾಗೇ ನೋಡಿಲ್ವಾ? ಆದರೆ ಗಣಿಯಲ್ಲಿ ಗಾಳಿ ಸದ್ದು ವಿಪರೀತ, ಕಾಲರ್ ಮೈಕ್ ಬಾಡಿಗೆಗೆ ತಗೋ, ಮೊಬೈಲ್ ನಂಬಬೇಡ.